ಮೂರನೇ ಸಲ ಅದೇ ಜೆಲ್ ಕೇಳಿದರೆ: ಕ್ಯಾನ್ಸರ್ ಸುಳಿವು ಹಿಡಿಯಲು ಮೆಡಿಕಲ್ ಅಂಗಡಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಅಡಿಕೆ ಕೊಯ್ಲಿನ ಕಾಲ. ಸಂಜೆ ಏಳರ ಹೊತ್ತಿಗೆ ಅಂಗಡಿ ಮುಂದೆ ಜನ ಜಾಸ್ತಿ. ಐವತ್ತರ ಆಸುಪಾಸಿನ ಒಬ್ಬರು ಬಂದು "ಬಾಯಲ್ಲಿ ಹುಣ್ಣಾಗಿದೆ, ಹೋದ್ಸಲ ಕೊಟ್ರಲ್ಲ, ಅದೇ ಜೆಲ್ ಕೊಡಿ" ಅಂದರು. ಕೊಟ್ಟೆ, ಜೊತೆಗೆ ಬಿ ಕಾಂಪ್ಲೆಕ್ಸ್ ಒಂದು ಶೀಟು. ಹದಿನೈದು ದಿನ ಬಿಟ್ಟು ಅವರ ಮಗ ಬಂದು ಅದನ್ನೇ ಒಯ್ದ. ಆಮೇಲೆ ಪುನಃ ಅವರೇ. ನಂತರ ಬಿಲ್ಲು ತೆಗೆದು ನೋಡಿದರೆ ಎರಡೂವರೆ ತಿಂಗಳಲ್ಲಿ ಐದು ಜೆಲ್. ಒಂದು ಸಲವೂ ನಾನು "ಬಾಯಿ ತೆಗೀರಿ, ನೋಡೋಣ" ಅನ್ನಲಿಲ್ಲ. ಕೊನೆಗೆ ಅವರನ್ನು ಬೆಂಗಳೂರಿಗೆ ಕಳಿಸಿದ್ದು ಹಲ್ಲು ಕೀಳಿಸಿಕೊಳ್ಳಲು ಹೋದಾಗ ನೋಡಿದ ದಂತವೈದ್ಯರು. ಅಷ್ಟರಲ್ಲಿ ಬಾಯಿಯ ಕ್ಯಾನ್ಸರ್ ಕುತ್ತಿಗೆಯ ಗಂಟಿಗೂ ಹಬ್ಬಿತ್ತು.

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನನ್ನದು ಮೆಡಿಕಲ್ ಅಂಗಡಿ. ಆ ಐದು ಬಿಲ್ಲುಗಳ ಮೇಲೆ ನಾನು ರೂಢಿಸಿಕೊಂಡದ್ದನ್ನು ನನ್ನಂತೆ ಕೌಂಟರ್ ಹಿಂದೆ ನಿಲ್ಲುವವರಿಗಾಗಿ ಬರೆದಿದ್ದೇನೆ.

ಡಾಕ್ಟರು ನೋಡುವುದು ಆ ದಿನದ ರೋಗಿಯನ್ನು. ನಮ್ಮ ಕಣ್ಣಿಗೆ ಬೀಳುವುದು ಅದೇ ಮನುಷ್ಯ ಮೊದಲನೇ ಸಲ ಬಂದದ್ದು, ಎರಡನೇ ಸಲ ಬಂದದ್ದು, ಮೂರನೇ ಸಲ ಬಂದದ್ದು. ಅಷ್ಟರಲ್ಲಿ ಅವರು ಯಾವ ಡಾಕ್ಟರ ಬಳಿಗೂ ಹೋಗಿರುವುದಿಲ್ಲ. ಚೀಟಿ ಇಲ್ಲದೆ ಪದೇಪದೇ ಬಂದು ಒಂದೇ ಔಷಧಿ ಒಯ್ಯುವುದೇ ನಮಗೆ ಸಿಗುವ ಲಕ್ಷಣ. ಇಂಪೀರಿಯಲ್ ಕಾಲೇಜ್ ಲಂಡನ್‌ನವರು 2023ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ಅಂಕಿಯಲ್ಲಿ ಹಿಡಿಯಿತು. ಅಂಗಡಿಗಳ ಲಾಯಲ್ಟಿ ಕಾರ್ಡಿನಲ್ಲಿದ್ದ ಖರೀದಿ ವಿವರವನ್ನು ಸುಮಾರು 270 ಹೆಂಗಸರಿಂದ ಒಪ್ಪಿಗೆ ಪಡೆದು ತೆಗೆಸಿದರು. ಮುಂದೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದವರು ಅದಕ್ಕೆ ಸುಮಾರು ಎಂಟು ತಿಂಗಳು ಮುಂಚಿನಿಂದಲೇ ನೋವಿನ ಮಾತ್ರೆ, ಅಜೀರ್ಣದ ಔಷಧಿಯನ್ನು ಉಳಿದವರಿಗಿಂತ ಹೆಚ್ಚು ಕೊಂಡಿದ್ದರು. ಅವರು ತಮ್ಮ ಲಕ್ಷಣಗಳನ್ನು ತಾವೇ ಗುರುತಿಸಿದ್ದು ಅದಕ್ಕೂ ಎಷ್ಟೋ ತಡವಾಗಿ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯೂ 2022ರಲ್ಲಿ, ಔಷಧಿ ಅಂಗಡಿಯವರೇ ಶಂಕಿತರನ್ನು ನೇರವಾಗಿ ಪರೀಕ್ಷೆಗೆ ಕಳಿಸುವ ಪ್ರಯೋಗವನ್ನು ಘೋಷಿಸಿತು. ನಮಗೆ ಅಂಥ ನೇರ ದಾರಿ ಇಲ್ಲ. ಆದರೆ ಬಿಲ್ಲು ಪುಸ್ತಕ ಇದೆ, ಗಿರಾಕಿಯ ಮುಖಪರಿಚಯ ಇದೆ.

ಮೊದಲೇ ಒಂದು ಮಾತು. ಕೌಂಟರಿಗೆ ಬರುವ ಹುಣ್ಣು, ಗ್ಯಾಸ್, ಕೆಮ್ಮು, ಬೆನ್ನುನೋವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ರೋಗ ಹೆಸರಿಸುವುದು ನಮ್ಮ ಕೆಲಸವೂ ಅಲ್ಲ, ಕಾನೂನೂ ಅದಕ್ಕೆ ಒಪ್ಪುವುದಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿವಳಿಕೆ ಕೊಡುವುದನ್ನು ಫಾರ್ಮಸಿಸ್ಟರ ಕೆಲಸವೆಂದೇ ಹೇಳುತ್ತವೆ. ಆ ಎರಡು ಗೆರೆಗಳ ನಡುವೆ ಮಾಡಬಹುದಾದದ್ದು ಸಾಕಷ್ಟಿದೆ.

ಹಂತ 1: ಅಂಗಡಿಯನ್ನು ಸಜ್ಜು ಮಾಡಿಕೊಳ್ಳಿ

ಬೇಕಾದ್ದು ಕಡಿಮೆ. ಒಂದು ಸಣ್ಣ ಟಾರ್ಚು (ಮೊಬೈಲ್ ಬೆಳಕೂ ನಡೆಯುತ್ತದೆ), ಒಂದು ನೋಟ್‌ಬುಕ್, ಮತ್ತು ನಾಲ್ಕು ಜನರ ಕಿವಿಗೆ ಬೀಳದಂತೆ ಮಾತಾಡಲು ಒಂದು ಮೂಲೆ. ನಮ್ಮಲ್ಲಿ ಆ ಮೂಲೆ ಫ್ರಿಜ್ಜಿನ ಪಕ್ಕದ ಸ್ಟೂಲು. ತೂಕದ ಯಂತ್ರ ಹೊರಗಿದ್ದರೆ ಒಳ್ಳೆಯದು, ಅದರ ಉಪಯೋಗ ಮುಂದೆ ಹೇಳುತ್ತೇನೆ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ್ದು ತಾರೀಕು, ಗುರುತಿಗೆ ಸಾಕಾಗುವಷ್ಟು ಹೆಸರು, ಏನು ಒಯ್ದರು, ಎಷ್ಟನೇ ಸಲ. ಎಲ್ಲರದ್ದೂ ಬೇಡ. ಚೀಟಿ ಇಲ್ಲದೆ ಬಾಯಿಹುಣ್ಣು, ಗ್ಯಾಸ್ಟ್ರಿಕ್, ಪೈಲ್ಸ್, ಕೆಮ್ಮು, ಮಲಬದ್ಧತೆ, ಬಿಳಿಸೆರಗು, ನೋವಿನ ಮಾತ್ರೆ, ಈ ಏಳಕ್ಕೆ ಬಂದವರದ್ದು ಸಾಕು. ಕಂಪ್ಯೂಟರ್ ಬಿಲ್ಲಿಂಗ್ ಇದ್ದರೆ ಮೊಬೈಲ್ ನಂಬರ್ ಹೊಡೆದ ಕೂಡಲೇ ಹಳೆಯದೆಲ್ಲ ಬರುತ್ತದೆ. ಆ ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ. ನಮ್ಮೂರಿನಂಥ ಊರಲ್ಲಿ ಒಂದು ಗುಮಾನಿ ಹೊರಬಿದ್ದರೆ ಮದುವೆ ಮಾತುಕತೆ ಮುರಿದುಬೀಳುತ್ತದೆ.

ಕೌಂಟರಿನಲ್ಲಿ ಹೆಚ್ಚು ಹೊತ್ತು ಇರುವವರು ಹುಡುಗರು. ಅವರಿಗೆ ಒಂದೇ ಪಾಠ ಹೇಳಿಕೊಡಿ: ಚೀಟಿ ಇಲ್ಲದೆ ಅದೇ ಔಷಧಿ ಮೂರನೇ ಸಲ ಕೇಳಿದರೆ ಕೊಡುವ ಮುಂಚೆ ನನ್ನನ್ನು ಕರೆ. ಲಕ್ಷಣಗಳ ಪಟ್ಟಿಯನ್ನೆಲ್ಲ ಉರುಹೊಡೆಸಿದರೆ ಅದು ಅವರ ತಲೆಯಲ್ಲಿ ನಿಲ್ಲುವುದಿಲ್ಲ, ನಾನು ಮಾಡಿ ನೋಡಿದ್ದೇನೆ.

ಹಂತ 2: ನಾಲ್ಕು ಪ್ರಶ್ನೆ

ಗಿರಾಕಿ ನಿಲ್ಲುವುದು ಎರಡು ನಿಮಿಷ. ಅಷ್ಟರಲ್ಲಿ ಕೇಳಿ ಮುಗಿಯಬೇಕು.

"ಎಷ್ಟು ದಿನ ಆಯ್ತು?" ಇದಕ್ಕೆ "ಸ್ವಲ್ಪ ದಿನ" ಎಂಬ ಉತ್ತರ ಬರುತ್ತದೆ. ಹಬ್ಬ, ಜಾತ್ರೆ, ಕೊಯ್ಲು ಹಿಡಿದು ಕೇಳಿ. "ದೀಪಾವಳಿಗೆ ಮುಂಚೆ ಇತ್ತಾ?" ಅಂದರೆ ಸರಿಯಾದ ಲೆಕ್ಕ ಸಿಗುತ್ತದೆ.

"ಇದಕ್ಕೆ ಮುಂಚೆ ಏನೇನು ತಗೊಂಡ್ರಿ?" ಬೇರೆ ಅಂಗಡಿಯಿಂದ ಒಯ್ದದ್ದು, ನಾಟಿ ಔಷಧಿ, ಪಕ್ಕದ ಮನೆಯವರು ಕೊಟ್ಟ ಮಾತ್ರೆ ಎಲ್ಲ ಇದರಲ್ಲಿ ಹೊರಬರುತ್ತದೆ. ನಿಮ್ಮ ಪುಸ್ತಕದಲ್ಲಿ ಮೊದಲನೇ ಸಲ ಇದ್ದದ್ದು ನಿಜದಲ್ಲಿ ಐದನೇ ಸಲ ಇರಬಹುದು.

"ಊಟ ಸೇರುತ್ತಾ? ಬಟ್ಟೆ ಸಡಿಲ ಆಗಿದ್ಯಾ?" ತೂಕ ಎಷ್ಟು ಇಳಿದಿದೆ ಎಂದರೆ ಯಾರಿಗೂ ಗೊತ್ತಿರುವುದಿಲ್ಲ. ಬಳೆ ಜಾರುತ್ತಿದೆ, ಉಂಗುರ ತಿರುಗುತ್ತಿದೆ, ಬೆಲ್ಟಿಗೆ ಹೊಸ ತೂತು ಹಾಕಿಸಿದೆ ಎಂಬುದು ಗೊತ್ತಿರುತ್ತದೆ. ಪ್ರಯತ್ನವಿಲ್ಲದೆ ಇಳಿದ ತೂಕವನ್ನು ನಮ್ಮ ಜನ ಶುಗರ್ ಎಂದು ತಾವೇ ತೀರ್ಮಾನಿಸುತ್ತಾರೆ, ಕೆಲವು ಸಲ ಖುಷಿಯೂ ಪಡುತ್ತಾರೆ. ಯಂತ್ರದ ಮೇಲೆ ನಿಲ್ಲಿಸಿ, ಅಂಕಿ ಬರೆದುಕೊಳ್ಳಿ. ಮುಂದಿನ ಸಲ ಹೋಲಿಸಲು ಆಗುತ್ತದೆ.

"ಎಲ್ಲಾದ್ರೂ ರಕ್ತ ಕಂಡಿದ್ಯಾ?" ಕಫದಲ್ಲಿ, ವಾಂತಿಯಲ್ಲಿ, ಮೂತ್ರದಲ್ಲಿ, ಮಲದಲ್ಲಿ, ಮುಟ್ಟು ನಿಂತ ಮೇಲೆ. ಒಂದೊಂದನ್ನೂ ಬಿಡಿಸಿ ಕೇಳದಿದ್ದರೆ "ಇಲ್ಲ" ಎಂದುಬಿಡುತ್ತಾರೆ.

ಹಂತ 3: ಕೇಳುವ ಔಷಧಿಯ ಹಿಂದೆ ಏನಿರಬಹುದು

ಕ್ಯಾನ್ಸರ್ ಪುಸ್ತಕಗಳು ಅಂಗಗಳ ಪ್ರಕಾರ ಹೋಗುತ್ತವೆ. ನಮಗೆ ಅದು ಉಪಯೋಗವಿಲ್ಲ, ಯಾಕೆಂದರೆ ನಮ್ಮಲ್ಲಿ ಬರುವವರು ಅಂಗದ ಹೆಸರು ಹೇಳದೆ ಮಾತ್ರೆಯ ಹೆಸರು ಹೇಳುತ್ತಾರೆ. ಹಾಗಾಗಿ ಮಾತ್ರೆಯಿಂದಲೇ ಶುರು ಮಾಡೋಣ.

*ಬಾಯಿಹುಣ್ಣಿನ ಜೆಲ್, ಬಿ ಕಾಂಪ್ಲೆಕ್ಸ್*

ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು ಎಂಬುದು 2022ರ ಅಂದಾಜು. ಅದರಲ್ಲಿ ಗಂಡಸರಿಗೆ ಎಲ್ಲಕ್ಕಿಂತ ಹೆಚ್ಚು ಬರುವುದು ಬಾಯಿಯ ಕ್ಯಾನ್ಸರ್. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ತಂಬಾಕಿಲ್ಲದೆ ಬರೀ ಎಲೆ ಅಡಿಕೆ ಹಾಕುತ್ತೇನೆ ಎನ್ನುವವರಿಗೂ ವಿನಾಯಿತಿ ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಊರಲ್ಲಿ ಕೂತು ಇದನ್ನು ಹೇಳುವುದು ಸುಲಭವಲ್ಲ. ನನ್ನ ಮಾವನದ್ದೂ ಎರಡು ಎಕರೆ ತೋಟ ಇದೆ.

ಸಾಮಾನ್ಯ ಬಾಯಿಹುಣ್ಣು ಉರಿಯುತ್ತದೆ, ಮುಟ್ಟಿದರೆ ಜೀವ ಹೋಗುತ್ತದೆ, ವಾರದಿಂದ ಎರಡು ವಾರದೊಳಗೆ ತಾನೇ ಮಾಯುತ್ತದೆ. ಭಯಪಡಬೇಕಾದದ್ದು ನೋವೇ ಇಲ್ಲದ ಹುಣ್ಣಿಗೆ. ಒಂದೇ ಜಾಗದಲ್ಲಿ ಎರಡು ವಾರ ದಾಟಿಯೂ ನಿಂತ ಹುಣ್ಣು, ಅಂಚು ಗಟ್ಟಿಯಾದದ್ದು, ಮುಟ್ಟಿದರೆ ರಕ್ತ ಬರುವುದು, ಇವು ಇಂದೇ ಕಳಿಸಬೇಕಾದವು.

ನೋಡುವ ಬಗೆ ಹೀಗೆ. ಸ್ಟೂಲಿನ ಮೇಲೆ ಕೂರಿಸಿ, ಬಾಯಿ ಮುಕ್ಕಳಿಸಲು ನೀರು ಕೊಡಿ, ಇಲ್ಲದಿದ್ದರೆ ಎಲೆಯ ಕೆಂಪಿನಲ್ಲಿ ಏನೂ ಕಾಣುವುದಿಲ್ಲ. ಕಟ್ಟುಹಲ್ಲಿದ್ದರೆ ತೆಗೆಸಿ. ಅವರ ಬೆರಳಿನಿಂದಲೇ ಕೆನ್ನೆ ಎಳೆದು ಹಿಡಿಯಲು ಹೇಳಿ, ನೀವು ಕೈ ಹಾಕಬೇಡಿ. "ಎಲೆ ಅಡಿಕೆ ಯಾವ ಕಡೆ ಒತ್ತರಿಸಿಕೊಳ್ತೀರಿ?" ಎಂದು ಕೇಳಿ ಆ ಕಡೆಯಿಂದಲೇ ಶುರು ಮಾಡಿ. ಕೆನ್ನೆಯ ಒಳಮಡಿಕೆ, ಕೆಳ ದವಡೆಯ ಒಸಡು, ನಾಲಗೆಯ ಎರಡೂ ಅಂಚು, ನಾಲಗೆ ಎತ್ತಿಸಿ ಅದರ ಅಡಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆಯನ್ನು ಬರೆದುಕೊಳ್ಳಿ. ಮಖಮಲ್ಲಿನಂಥ ಕೆಂಪು ಮಚ್ಚೆ ಕಂಡರೆ ಇನ್ನೂ ಹೆಚ್ಚು ಎಚ್ಚರ.

ಆಮೇಲೆ ಅವರದ್ದೇ ಮೂರು ಬೆರಳು ಜೋಡಿಸಿ ಉದ್ದಕ್ಕೆ ಮೇಲಿನ, ಕೆಳಗಿನ ಹಲ್ಲಿನ ನಡುವೆ ಇಡಿಸಿ. ಮೂರು ಹೋಗದೆ ಎರಡೇ ಹೋದರೆ ಬಾಯಿಯ ಒಳಪದರ ಬಿಗಿಯುತ್ತಿದೆ. ಜೊತೆಗೆ "ಖಾರ ತಿನ್ನಕ್ಕಾಗಲ್ಲ, ಸಾರೂ ಉರಿಯುತ್ತೆ" ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಅಲ್ಲಿಗೆ ಹೋಗುವ ದಾರಿಯಾಗಬಹುದು. ಇಪ್ಪತ್ತರ ಹುಡುಗರಲ್ಲೂ ಕಂಡಿದ್ದೇನೆ. ಅವರನ್ನು ದಂತವೈದ್ಯರ ಬಳಿ ಕಳಿಸಿದರೆ ಅಡಿಕೆ ಬಿಡಿಸಲು ಇನ್ನೂ ಸಮಯವಿರುತ್ತದೆ.

ಇನ್ನೊಂದು ಸಂಗತಿ ಗಮನದಲ್ಲಿರಲಿ. ಒಂದೇ ಕಡೆಯ ಕಿವಿನೋವಿಗೆ ಡ್ರಾಪ್ಸ್ ಕೇಳುವವರು, ಕಾರಣವಿಲ್ಲದೆ ಹಲ್ಲು ಅಲ್ಲಾಡುತ್ತಿದೆ ಎನ್ನುವವರು, ತಂಬಾಕು ಹಾಕುವವರಾಗಿದ್ದರೆ ಬಾಯಿ, ಗಂಟಲು ನೋಡಿಸಲೇಬೇಕು. ನಾಲಗೆಯ ಬುಡದ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮರಗಟ್ಟಿಸುವ ಜೆಲ್ ಮತ್ತು ಸ್ಟೀರಾಯ್ಡ್ ಪೇಸ್ಟು ನೋವನ್ನು ಮುಚ್ಚಿ ಜನರನ್ನು ಇನ್ನಷ್ಟು ತಿಂಗಳು ಮನೆಯಲ್ಲಿ ಕೂರಿಸುತ್ತವೆ. ನಾನು ಮಾರಿದ ಆ ಐದು ಟ್ಯೂಬು ಮಾಡಿದ್ದೂ ಅದನ್ನೇ.

*ಗ್ಯಾಸ್ಟ್ರಿಕ್ ಮಾತ್ರೆ*

ನಮ್ಮ ಅಂಗಡಿಗಳಲ್ಲಿ ಅತಿ ಹೆಚ್ಚು ಹೋಗುವ ಸರಕು ಇದು. ಪ್ಯಾಂಟೊಪ್ರಜೋಲ್ ಚೀಟಿ ಇಲ್ಲದೆ ಕೊಡುವ ಔಷಧಿ ಅಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು, ಬೀದಿಯಲ್ಲಿ ನಡೆಯುವುದೂ ಗೊತ್ತು. ಹಾಗಾಗಿ ಕನಿಷ್ಠ ಯಾರಿಗೆ ಎಂದಿಗೂ ಕೊಡಬಾರದು ಎಂಬುದು ಸ್ಪಷ್ಟವಿರಲಿ. ಐವತ್ತು, ಐವತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ಉರಿ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು. ಪದೇಪದೇ ವಾಂತಿ. ತೂಕ ಇಳಿತ. ರಕ್ತಹೀನತೆ. ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ. ಕೊನೆಯದ್ದಕ್ಕೆ ಒಂದು ಅಡ್ಡಪ್ರಶ್ನೆ ಬೇಕು: ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಅದನ್ನು ಮೊದಲು ಕೇಳಿ. ಈ ಮಾತ್ರೆಗಳು ಹೊಟ್ಟೆಯ ಕ್ಯಾನ್ಸರ್ ಹುಣ್ಣಿನ ಉರಿಯನ್ನೂ ಕೆಲಕಾಲ ತಗ್ಗಿಸುತ್ತವೆ. "ಮಾತ್ರೆ ತಗೊಂಡ್ರೆ ಸರಿಹೋಗುತ್ತೆ" ಎಂಬ ಮಾತನ್ನು ಅದಕ್ಕೇ ನಂಬಬೇಡಿ, "ಬಿಟ್ಟ ಮೇಲೆ?" ಎಂದು ಕೇಳಿ.

ನುಂಗುವ ತೊಂದರೆಗೆ ಕನ್ನಡನಾಡಿನಲ್ಲಿ ಎಂಡೋಸ್ಕೋಪಿಗೂ ಮುಂಚಿನ ಒಂದು ಪರೀಕ್ಷೆ ಇದೆ, ಅದು ಊಟದ ತಟ್ಟೆ. ಮುದ್ದೆ ಅಗಿಯುವುದಲ್ಲ, ನುಂಗುವುದು. ನಲವತ್ತು ವರ್ಷ ಮುದ್ದೆ ಉಂಡವರು "ಈಗೀಗ ಮುದ್ದೆ ಇಳಿಯಲ್ಲ, ಅನ್ನ ಕಲಸಿ ತಿಂತೀನಿ" ಎಂದರೆ, ಆಮೇಲೆ ಗಂಜಿಗೆ ಬಂದರೆ, ಅನ್ನನಾಳ ಕಿರಿದಾಗುತ್ತಿದೆ ಎಂದೇ ಲೆಕ್ಕ. ಉತ್ತರ ಕರ್ನಾಟಕದವರಾದರೆ ರೊಟ್ಟಿ ಕೇಳಿ. ಗಟ್ಟಿಯಿಂದ ಮೆತ್ತಗಿನದಕ್ಕೆ, ಅಲ್ಲಿಂದ ನೀರಿಗೆ, ಈ ಕ್ರಮದಲ್ಲಿ ಊಟ ಬದಲಾದದ್ದನ್ನು ಗಿರಾಕಿ ಹೇಳುವುದಿಲ್ಲ, ಹೆಂಡತಿ ಹೇಳುತ್ತಾರೆ. ಆಂಟಾಸಿಡ್ ಸಿರಪ್ ಒಯ್ಯಲು ಬಂದ ಅವರನ್ನೇ ಕೇಳಿ.

(ಎದೆ ಬಿಗಿತ, ಬೆವರು, ಎಡಗೈ ಸೆಳೆತದ ಜೊತೆ "ಗ್ಯಾಸ್ ಆಗಿದೆ" ಎಂದು ಬಂದವರಿಗೆ ಈ ಪ್ರಶ್ನೆಗಳು ಯಾವುದೂ ಬೇಡ. ಆ ಕ್ಷಣವೇ ಆಸ್ಪತ್ರೆ, 108.)

*ಪೈಲ್ಸ್ ಮುಲಾಮು, ಮಲಬದ್ಧತೆಯ ಪುಡಿ*

ಮಲದಲ್ಲಿ ರಕ್ತ ಬಂದರೆ ನಮ್ಮ ಜನರ ಪಾಲಿಗೆ ಅದು ಮೂಲವ್ಯಾಧಿ, ಮುಗಿಯಿತು. ಯಾವ ಡಾಕ್ಟರೂ ಬೆರಳು ಹಾಕಿ ನೋಡಿರುವುದಿಲ್ಲ. ಹಾಗಾಗಿ ಒಂದೇ ಪ್ರಶ್ನೆ: "ಪೈಲ್ಸ್ ಅಂತ ಹೇಳಿದ್ಯಾರು?" "ನಾವೇ" ಎಂದರೆ ಕಳಿಸಿ. ತಿಂಗಳಿಂದ ಮಲದ ರೂಢಿ ಬದಲಾಗಿದ್ದರೆ, ಒಮ್ಮೆ ಭೇದಿ ಒಮ್ಮೆ ಕಟ್ಟಿದಂತೆ ಆಗುತ್ತಿದ್ದರೆ, ಹೋಗಿಬಂದರೂ ಇನ್ನೂ ಹೋಗಬೇಕು ಅನ್ನಿಸುತ್ತಿದ್ದರೆ ವಯಸ್ಸು ನೋಡದೆ ಕಳಿಸಿ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಟಾನಿಕ್ ಕೇಳಿದಾಗಲೂ ಇದೇ ಎಚ್ಚರ. ರಕ್ತ ಎಲ್ಲೋ ಸೋರುತ್ತಿರಬೇಕಲ್ಲ.

*ಕೆಮ್ಮಿನ ಸಿರಪ್*

ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕ್ಷಯದ ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ಅಲ್ಲಿಗೇ ನಿಲ್ಲಬೇಡಿ. ಬೀಡಿ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಕ್ಷಯ ಎಂದುಕೊಂಡು ತಿಂಗಳುಗಟ್ಟಲೆ ಔಷಧಿ ತಿಂದವರು ಇದ್ದಾರೆ. ಕಫದಲ್ಲಿ ಏನೂ ಇಲ್ಲ ಎಂದು ಬಂದೂ ಕೆಮ್ಮು ಹೋಗದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಎಕ್ಸ್‌ರೇಗೆ ಮತ್ತೆ ಕಳಿಸಿ. ಮೂರು ವಾರ ದಾಟಿದ ಧ್ವನಿ ಒಡಕಿಗೆ ಇಎನ್‌ಟಿ ಡಾಕ್ಟರು. ಬೇಗ ವಾಸಿಯಾಗಲಿ ಎಂದು ಲೆವೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಕೊಡುವ ಚಾಳಿ ಕೆಲವರಿಗಿದೆ. ಅದು ಶೆಡ್ಯೂಲ್ ಎಚ್1 ಔಷಧಿ, ಚೀಟಿ ಮತ್ತು ರಿಜಿಸ್ಟರ್ ಇಲ್ಲದೆ ಕೊಡುವಂತಿಲ್ಲ. ಕ್ಷಯವನ್ನೂ ಅದು ಮರೆಮಾಚುತ್ತದೆ.

*ಹೆಂಗಸರು ಕೇಳುವುದು, ಕೇಳದೇ ಇರುವುದು*

ಇಲ್ಲಿ ನಮ್ಮ ಕಣ್ಣು ಬಾಯಿಗಿಂತ ಹೆಚ್ಚು ಕೆಲಸ ಮಾಡಬೇಕು. ಅರವತ್ತರ ಅಜ್ಜಿ ಕಾಗದದಲ್ಲಿ ಸುತ್ತಿಸಿಕೊಂಡು ಸ್ಯಾನಿಟರಿ ಪ್ಯಾಡ್ ಒಯ್ದರೆ ಅದು ಮೊಮ್ಮಗಳಿಗೇ ಇರಬಹುದು. ಇಲ್ಲದೆಯೂ ಇರಬಹುದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಆಗಲೇಬೇಕು. ಗಂಡನ ಜೊತೆ ಸೇರಿದ ಮೇಲೆ ರಕ್ತ, ವಾಸನೆಯ ಬಿಳಿಸೆರಗು, ಪದೇಪದೇ ಅದೇ ಯೋನಿ ಮಾತ್ರೆ, ರಕ್ತ ನಿಲ್ಲಿಸುವ ಮಾತ್ರೆಗಳ ಹಳೇ ಚೀಟಿ ಹಿಡಿದು ಮತ್ತೆ ಮತ್ತೆ ಬರುವುದು, ಇವೆಲ್ಲ ಗರ್ಭಕಂಠ, ಗರ್ಭಕೋಶ ನೋಡಿಸಬೇಕಾದ ಸೂಚನೆ. ನಾನು ಗಂಡಸು. ನನ್ನ ಮುಂದೆ ಇದನ್ನು ಯಾರೂ ಹೇಳುವುದಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಕೂರುವ ನನ್ನ ತಂಗಿಗೆ ಹೇಳುತ್ತಾರೆ, ಅವಳೂ ಡಿ.ಫಾರ್ಮ ಓದಿದವಳು. ಹೆಣ್ಣುಮಗಳಿಲ್ಲದ ಅಂಗಡಿಯಾದರೆ ಬಡಾವಣೆಯ ಆಶಾ ಕಾರ್ಯಕರ್ತೆಯ ನಂಬರು ಕೊಡಿ.

ಸ್ತನದ ಗಂಟಿಗೆ ಬರುವವರು ನೋವಿನ ಮುಲಾಮು ಕೇಳುತ್ತಾರೆ, ಹೆಚ್ಚಾಗಿ ಗಂಡನನ್ನು ಕಳಿಸಿ. ನೋವಿಲ್ಲ, ಆದ್ದರಿಂದ ಪರವಾಗಿಲ್ಲ ಎಂಬ ನಂಬಿಕೆ ಬಲವಾಗಿದೆ, ಅದು ತಲೆಕೆಳಗು. ತೊಟ್ಟು ಒಳಗೆ ಸೇದಿದ್ದರೆ, ರಕ್ತದಂಥ ನೀರು ಬಂದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ ತಡ ಮಾಡುವಂತಿಲ್ಲ. ಹಾಲೂಡಿಸುವ ತಾಯಿಗೆ ಬಾವು ಎಂದು ಡಾಕ್ಟರು ಕೊಟ್ಟ ಆಂಟಿಬಯೋಟಿಕ್ ಮುಗಿದ ಮೇಲೂ ಗಂಟು ಉಳಿದರೆ, ಅದೇ ಚೀಟಿಯಲ್ಲಿ ಎರಡನೇ ಕೋರ್ಸ್ ಕೊಡದೆ ವಾಪಸು ಕಳಿಸಿ. ಐವತ್ತು ದಾಟಿದವರಿಗೆ ದಿನವೂ ಹೊಟ್ಟೆ ಉಬ್ಬರ, ಸೀರೆ ಬಿಗಿಯಾಗುವುದು, ಪದೇಪದೇ ಮೂತ್ರ, ಇದು ಅಂಡಾಶಯದ ಕಡೆ ಬೆರಳು ತೋರಬಹುದು. ಮೇಲೆ ಹೇಳಿದ ಲಾಯಲ್ಟಿ ಕಾರ್ಡಿನ ಹೆಂಗಸರು ಕೊಂಡದ್ದೂ ಅಜೀರ್ಣದ ಔಷಧಿಯೇ.

*ಉಳಿದವು, ಚುಟುಕಾಗಿ*

ನೋವಿಲ್ಲದೆ ಮೂತ್ರದಲ್ಲಿ ರಕ್ತ: ಉರಿಮೂತ್ರದ ಸಿರಪ್ ಬೇಡ, ಡಾಕ್ಟರು. ಮುಂದಿನವುಗಳನ್ನು ಕಂಡರೂ ಹಾಗೆಯೇ ಕಳಿಸಿ. ರಾತ್ರಿ ಎಬ್ಬಿಸುವ, ಮಲಗಿದರೂ ತಗ್ಗದ ಬೆನ್ನುನೋವಿಗೆ ತಿಂಗಳಿಡೀ ಡೈಕ್ಲೋಫೆನಾಕ್ ನೋವಿನ ಮಾತ್ರೆ ಒಯ್ಯುವ ಹಿರಿಯರು. ಕುತ್ತಿಗೆಯಲ್ಲಿ ನೋವಿಲ್ಲದೆ ಬೆಳೆಯುವ ಗಂಟು. ಐವತ್ತರ ಮೇಲೆ ತೂಕ ಇಳಿಯುತ್ತಾ ಹೊಸದಾಗಿ ಬಂದ ಶುಗರ್, ಜೊತೆಗೆ ಕಾಮಾಲೆ. ಅಂಗಾಲಿನಲ್ಲಿ, ಉಗುರಿನಡಿ ಬೆಳೆಯುವ ಕಪ್ಪು ಮಚ್ಚೆ. ಸೊಂಟದಲ್ಲಿ ಲಂಗದ ಲಾಡಿ ಬಿಗಿಯುವ ಜಾಗದಲ್ಲಿ ವರ್ಷಗಟ್ಟಲೆ ಮಾಯದ ಗಾಯ, ಅದಕ್ಕೆ ಹಚ್ಚುತ್ತಿರುವ ಸ್ಟೀರಾಯ್ಡ್ ಕ್ರೀಮು. ಮಕ್ಕಳಲ್ಲಿ ಬಿಡದ ಜ್ವರ, ಬಿಳಿಚಿಕೊಂಡ ಮುಖ, ಏಟಿಲ್ಲದೆ ನೀಲಿ ಕಲೆ; ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣಪಾಪೆ ಬೆಳ್ಳಗೆ ಕಂಡರೆ ಅದೇ ದಿನ ಕಣ್ಣಾಸ್ಪತ್ರೆ.

ಹಂತ 4: ಹೇಳುವ ಬಗೆ

"ಕ್ಯಾನ್ಸರ್" ಎಂಬ ಪದ ನಿಮ್ಮ ಬಾಯಿಂದ ಮೊದಲು ಬರಬಾರದು. ಬಂದರೆ ಎರಡು ಆಗುತ್ತದೆ: ಕೆಲವರು ಹೆದರಿ ಆಸ್ಪತ್ರೆಯ ದಾರಿಯನ್ನೇ ಬಿಡುತ್ತಾರೆ, ಉಳಿದವರು ಬೇರೆ ಮೆಡಿಕಲ್ಲಿಗೆ ಹೋಗುತ್ತಾರೆ. ಹಾಗೆಂದು ಸುಳ್ಳೂ ಹೇಳಬಾರದು. ನನ್ನ ಮಾತು ಹೀಗಿರುತ್ತದೆ:

"ಯಜಮಾನ್ರೇ, ಈ ಜೆಲ್ ಕೊಟ್ಟು ದುಡ್ಡು ತಗೊಳ್ಳೋದು ನಂಗೆ ಸುಲಭ. ಆದ್ರೆ ಎರಡು ವಾರದಲ್ಲಿ ಮಾಯದ ಹುಣ್ಣಿಗೆ ಇದು ಔಷಧಿ ಅಲ್ಲ. ಒಂದ್ಸಲ ತೋರಿಸ್ಕೊಂಡು ಬನ್ನಿ. ಏನೂ ಇಲ್ಲ ಅಂದ್ರೆ ನಿಶ್ಚಿಂತೆ."

"ಅದೇ ಕಾಯಿಲೆನಾ ಡಾಕ್ಟ್ರೇ?" ಎಂದು ನೇರವಾಗಿ ಕೇಳುತ್ತಾರೆ. ಮೊದಲು ನಾನು ಡಾಕ್ಟರಲ್ಲ ಎಂದು ತಿದ್ದುತ್ತೇನೆ. ಆಮೇಲೆ: "ಅದು ನೋಡಿ ಹೇಳೋಕೆ ಆಗಲ್ಲ. ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು. ಬೇಗ ಗೊತ್ತಾದ್ರೆ ಚಿಕಿತ್ಸೆ ಸಣ್ಣದು."

ಎದುರಾಗುವ ದೊಡ್ಡ ಅಡ್ಡಿ, "ಚಾಕು ತಾಗಿದ್ರೆ ಹಬ್ಬುತ್ತಂತೆ." ಸಣ್ಣ ತುಣುಕು ಕತ್ತರಿಸಿ ಪರೀಕ್ಷಿಸುವ ಬಯಾಪ್ಸಿಗೆ ಹೆದರಿ ಕೂತವರ ಸಂಖ್ಯೆ ದೊಡ್ಡದು. ಜಗಳ ಬೇಡ. ಆಗಲೇ ಹಬ್ಬಿದ ಮೇಲೆ ತಡವಾಗಿ ಹೋದವರನ್ನು ನೋಡಿ ಹುಟ್ಟಿದ ಮಾತು ಅದು ಎಂದು ಹೇಳಿ. ನಾಟಿ ಔಷಧಿಗೆ ಹೋಗುತ್ತೇನೆ ಎಂದರೂ ಹೀಯಾಳಿಸಬೇಡಿ, "ಏನಂತ ಗೊತ್ತಾಗದೆ ಯಾವ ಔಷಧಿ ತಗೋತೀರಿ? ಮೊದಲು ಪರೀಕ್ಷೆ ಆಗಲಿ" ಎಂದರೆ ಬಹಳಷ್ಟು ಜನ ಒಪ್ಪುತ್ತಾರೆ. ಗಂಡಸರು ಒಪ್ಪದಿದ್ದರೆ ಮನೆಯ ಹೆಂಗಸರಿಗೆ ಹೇಳಬೇಕೆನಿಸುತ್ತದೆ. ಅವರ ಒಪ್ಪಿಗೆ ಇಲ್ಲದೆ ಹೇಳಬೇಡಿ. "ಮುಂದಿನ ಸಲ ಅಮ್ಮನ್ನೂ ಕರ್ಕೊಂಡು ಬನ್ನಿ" ಎನ್ನಲು ಮಾತ್ರ ಅಡ್ಡಿಯಿಲ್ಲ.

ಹಂತ 5: ಬರಿಗೈಲಿ ಕಳಿಸಬೇಡಿ

"ಆಸ್ಪತ್ರೆಗೆ ಹೋಗಿ" ಎಂಬ ಮಾತು ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಮರೆತುಹೋಗುತ್ತದೆ. ಲೆಟರ್‌ಹೆಡ್ಡಿನ ಚೀಟಿ ಕೊಟ್ಟರೆ ಅದು ಜೇಬಿನಲ್ಲಿರುತ್ತದೆ, ಮನೆಯಲ್ಲಿ ಯಾರಾದರೂ ಓದುತ್ತಾರೆ. ನನ್ನ ಚೀಟಿಯ ಮಾದರಿ:

"ವಯಸ್ಸು 52, ಗಂಡಸು. ಎಡಗೆನ್ನೆಯ ಒಳಗೆ ಹುಣ್ಣು, ಐದು ವಾರದಿಂದ ಇದೆ ಎನ್ನುತ್ತಾರೆ, ನೋವಿಲ್ಲ. 20 ವರ್ಷದಿಂದ ಎಲೆ ಅಡಿಕೆ, ತಂಬಾಕು. ನಮ್ಮಲ್ಲಿ ಮೂರು ಸಲ ಜೆಲ್ ಒಯ್ದಿದ್ದಾರೆ. ಬಾಯಿ ಎರಡು ಬೆರಳಷ್ಟೇ ತೆರೆಯುತ್ತದೆ. ದಯವಿಟ್ಟು ಪರೀಕ್ಷಿಸಿ."

ಕಂಡದ್ದು, ಕೇಳಿದ್ದು, ಮಾರಿದ್ದು. ಇದಕ್ಕಿಂತ ಒಂದು ಪದ ಹೆಚ್ಚು ಬರೆಯಬೇಡಿ. ರೋಗದ ಹೆಸರಂತೂ ಬೇಡವೇ ಬೇಡ.

ಎಲ್ಲಿಗೆ ಕಳಿಸುವುದು? ಬಾಯಿಗೆ ಹತ್ತಿರದ ದಂತವೈದ್ಯರು ಅಥವಾ ದಂತ ಕಾಲೇಜಿನ ಓಪಿಡಿ. ಉಳಿದದ್ದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ, ಪಟ್ಟಣಗಳಲ್ಲಿ ಸರ್ಕಾರದ "ನಮ್ಮ ಕ್ಲಿನಿಕ್", ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್, ಕ್ಯಾನ್ಸರಿನಂಥ ಅಂಟದ ಕಾಯಿಲೆಗಳ) ವಿಭಾಗ. 30 ದಾಟಿದವರಿಗೆ ಬಾಯಿ, ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಆಶಾ ಕಾರ್ಯಕರ್ತೆಗೆ ಹೇಳಿದರೆ ದಿನ ಗೊತ್ತುಮಾಡುತ್ತಾರೆ. ನೇರವಾಗಿ ಬೆಂಗಳೂರಿಗೆ ಹೋಗುತ್ತೇನೆ ಎನ್ನುವವರಿಗೆ ನಾನು ಹೇಳುವುದು, ಮೊದಲು ಸರ್ಕಾರಿ ಆಸ್ಪತ್ರೆ ಮುಟ್ಟಿ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ಗೆ ಪ್ಯಾಕೇಜಿನ ಶೇ 30ರಷ್ಟು, ಗರಿಷ್ಠ 1.5 ಲಕ್ಷ ಸಿಗುತ್ತದೆ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಅದಿಲ್ಲದೆ ಹೋಗಿ ಕೈಯಿಂದ ಕಟ್ಟಿ, ಬಂಗಾರ ಅಡವಿಟ್ಟವರನ್ನು ಕಂಡಿದ್ದೇನೆ. ರೇಷನ್ ಕಾರ್ಡು, ಆಧಾರ್ ಇಟ್ಟುಕೊಳ್ಳಲು ಚೀಟಿಯ ಹಿಂದೆಯೇ ಬರೆದುಬಿಡಿ. ಅಲ್ಲಿಂದ ಮುಂದೆ 1973ರಿಂದ ಇರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯಲ್ಲಿ ಅದರ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಯಾವುದೆಂದು ಡಾಕ್ಟರು ಹೇಳುತ್ತಾರೆ. ಗೊಂದಲವಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನು.

ಲ್ಯಾಬಿನವರ "ಕ್ಯಾನ್ಸರ್ ಪ್ಯಾಕೇಜ್" ಕರಪತ್ರಗಳನ್ನು ಕೌಂಟರಿನಲ್ಲಿ ಇಡಬೇಡಿ. ಲಕ್ಷಣ ಇರುವವರಿಗೆ ಬೇಕಾದ್ದು ಡಾಕ್ಟರ ಕೈ ಮತ್ತು ಕಣ್ಣು. ರಕ್ತದಲ್ಲಿ ಕ್ಯಾನ್ಸರಿನ ಗುರುತು ಹುಡುಕುವ ಮಾರ್ಕರ್ ಪರೀಕ್ಷೆ ಸರಿ ಇದೆ ಎಂದು ಬಂದ ಕಾಗದ ಎಷ್ಟೋ ಜನರನ್ನು ಮನೆಯಲ್ಲಿ ಕೂರಿಸಿದೆ. ಕಮಿಷನ್ ಪಡೆದು ಕಳಿಸಿದ್ದು ಒಂದು ಸಲ ಗೊತ್ತಾದರೆ, ಆಮೇಲೆ ನೀವು ಯಾರನ್ನು ಕಳಿಸಿದರೂ ಜನ ಅದೇ ಕಣ್ಣಿನಿಂದ ನೋಡುತ್ತಾರೆ.

ಹಂತ 6: ವಾಪಸು ಕೇಳಿ

ಚೀಟಿ ಕೊಟ್ಟ ದಿನವೇ ನೋಟ್‌ಬುಕ್ಕಿನಲ್ಲಿ ಹತ್ತು ದಿನ ಮುಂದಿನ ತಾರೀಕು ಬರೆಯಿರಿ. ಆ ದಿನ ಫೋನು ಮಾಡಿ, ಅಥವಾ ಊರಿನವರಾದರೆ ಎದುರು ಸಿಕ್ಕಾಗ ಕೇಳಿ. ಹೋಗಿರುವುದಿಲ್ಲ, ಕೊಯ್ಲು, ಮದುವೆ, ಮಳೆ. ಬೈಯಬೇಡಿ, ಎರಡನೇ ತಾರೀಕು ಬರೆಯಿರಿ. ಹೋಗಿ "ಏನೂ ಇಲ್ಲ" ಎಂದು ಬಂದವರು ನಿಮ್ಮ ಮೇಲೆ ಸಿಟ್ಟಾಗಬಹುದು, ಸುಮ್ಮನೆ ಖರ್ಚು ಮಾಡಿಸಿದ್ರಿ ಎಂದು. ನಗುತ್ತಾ ಕೇಳಿಸಿಕೊಳ್ಳಿ. ಏನೂ ಇಲ್ಲ ಎಂದ ಮೇಲೂ ಲಕ್ಷಣ ಉಳಿದಿದ್ದರೆ ಮತ್ತೆ ಕಳಿಸಿ, ಮೊದಲ ಡಾಕ್ಟರ ಮೇಲೆ ಮಾತಾಡದೆ.

ರೋಗ ಖಚಿತವಾದವರು ಮತ್ತೆ ನಮ್ಮಲ್ಲಿಗೇ ಬರುತ್ತಾರೆ, ಕಿಮೋ ಮಾಡಿಸಿಕೊಂಡು ಜ್ವರಕ್ಕೆ ಮಾತ್ರೆ ಕೇಳುತ್ತಾ. ಕಿಮೋ ಆದವರ ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುವಂತಿಲ್ಲ, ಅದು ಆಸ್ಪತ್ರೆಯ ತುರ್ತು.

ನನ್ನ ಪುಸ್ತಕದ ಕೊನೆಯ ಪುಟದಲ್ಲಿ ಈಗ ನಾಲ್ಕು ಹೆಸರಿವೆ. ಒಬ್ಬರ ಮುಂದೆ "ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿಬಂದರು, ಹಲ್ಲು ತಾಗಿ ಆದ ಹುಣ್ಣು" ಎಂದಿದೆ. ಉಳಿದ ಮೂರರ ಮುಂದೆ ಖಾಲಿ. ನಾಳೆ ಸಂತೆ, ಅದರಲ್ಲಿ ಇಬ್ಬರು ತರಕಾರಿಗೆ ಬರುವವರು. ಬೆಳಿಗ್ಗೆ ಹನ್ನೊಂದಕ್ಕೆಲ್ಲ ತಂಗಿಯನ್ನು ಕೌಂಟರಿಗೆ ಕೂರಿಸಿ ಆ ಕಡೆ ಒಂದು ಸುತ್ತು ಹೋಗಬೇಕು.